ವಿಡಿಯೊ ಕಾಲ್‌ನಲ್ಲಿ ಇಯರ್‌ಬಡ್ಸ್ ಸದ್ದು ಕೆಟ್ಟಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನಿರುವುದು ಮುಂಬೈ ಹತ್ತಿರದ ಡೊಂಬಿವಲಿ ಪೂರ್ವದಲ್ಲಿ. ಐರೋಲಿಯ ಒಂದು ಆಫೀಸಿನಲ್ಲಿ ಕಂಪ್ಯೂಟರ್ ಸಪೋರ್ಟ್ ಕೆಲಸ. ನಮ್ಮ ಸೊಸೈಟಿಯಲ್ಲಿ, ಅಕ್ಕಪಕ್ಕದ ಸೊಸೈಟಿಗಳಲ್ಲಿ ಕನ್ನಡದ ಮನೆಗಳು ಬಹಳ ಇವೆ. ಉಡುಪಿ ಕಡೆಯವರು, ಕುಮಟಾ ಅಂಕೋಲಾದವರು, ಧಾರವಾಡ, ವಿಜಯಪುರದವರು. 2020ರ ಲಾಕ್‌ಡೌನ್ ಆದ ಮೇಲೆ ಎಲ್ಲರ ಮನೆಯಲ್ಲೂ ಲ್ಯಾಪ್‌ಟಾಪ್ ಮೇಲೆ ಕಾಲ್ ನಡೆಯುತ್ತಲೇ ಇರುತ್ತದೆ. ಆಫೀಸಿನ ಮೀಟಿಂಗ್, ಮಕ್ಕಳ ಕನ್ನಡ ಪಾಠ, ಭಜನೆ ಕ್ಲಾಸು, ಭಾನುವಾರ ಊರಿನವರ ಜೊತೆ ಮಾತು. ಸದ್ದು ಸರಿಯಾಗಿ ಬರದಿದ್ದರೆ ಲ್ಯಾಪ್‌ಟಾಪ್ ಕಂಕುಳಲ್ಲಿ ಇಟ್ಟುಕೊಂಡು ನಮ್ಮ ಮನೆಗೆ ಬರುತ್ತಾರೆ. ಅವರು ಕೇಳುವ ಪ್ರಶ್ನೆಗಳೇ ಇಲ್ಲಿರುವುದು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ‘ಹಾಳಾಗಿದೆ’ ಎಂದು ನನ್ನ ಕೈಗೆ ಬರುವ ಬಡ್ಸ್‌ಗಳಲ್ಲಿ ಹೆಚ್ಚಿನವು ಹಾಳಾಗಿರುವುದಿಲ್ಲ. ಹೊಸದಕ್ಕೆ ದುಡ್ಡು ಹಾಕುವ ಮೊದಲು ಇದನ್ನು ಓದಿ.

ಹಾಡು ಕೇಳುವಾಗ ಸದ್ದು ಚೆನ್ನಾಗಿರುತ್ತದೆ. ಕಾಲ್ ಶುರುವಾದ ಕೂಡಲೇ ಡಬ್ಬದೊಳಗಿಂದ ಬಂದ ಹಾಗೆ ಆಗುತ್ತದೆ. ಯಾಕೆ?

ಜಾಸ್ತಿ ಜನ ಕೇಳುವ ಪ್ರಶ್ನೆ ಇದೇ. ಉತ್ತರ ಗೊತ್ತಾದರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ.

ನಮ್ಮ ಮೂರನೇ ಮಹಡಿಯ ಅಕ್ಕ ಧಾರವಾಡದವರು. ಒಂದು ಭಾನುವಾರ ಬೆಳಿಗ್ಗೆ ಬಂದು, “ತಮ್ಮಾ, ನಮ್ಮವ್ವನ ದನಿ ಬಾವಿಯೊಳಗಿಂದ ಬಂದಂಗ ಬರ್ತದ. ಹೊಸಾವು ತೊಗೊಂಡ್ರೂ ಹಂಗ ಅದ” ಅಂದರು. ಆರು ತಿಂಗಳಲ್ಲಿ ಅದು ಅವರ ಎರಡನೇ ಜೋಡಿ. ಬಡ್ಸ್ ಹಾಕಿಕೊಂಡು ಒಂದು ಹಾಡು ಹಚ್ಚಿ ಎಂದೆ. ತಬಲಾ, ಹಾರ್ಮೋನಿಯಂ ಎಲ್ಲ ಸ್ಪಷ್ಟ. ಹಾಡು ನಡೆಯುತ್ತಿರುವಾಗಲೇ ಮೀಟಿಂಗ್ ಒಂದನ್ನು ತೆರೆಸಿದೆ. ಮೈಕ್ ಆನ್ ಆಯಿತು. ಆ ಕ್ಷಣಕ್ಕೇ ಹಾಡು ಚಪ್ಪಟೆಯಾಯಿತು. ಎರಡು ಕಿವಿಯಲ್ಲಿ ಹರಡಿಕೊಂಡಿದ್ದ ಸದ್ದು ತಲೆಯ ನಡುವೆ ಒಂದೇ ಕಡೆ ಬಂದು ಕೂತಿತು. ಅಕ್ಕ ಬಡ್ಸ್ ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು.

ಒಳಗೆ ನಡೆಯುವುದು ಇಷ್ಟು. ಬ್ಲೂಟೂತ್‌ನಲ್ಲಿ ಸದ್ದು ಸಾಗಿಸಲು ಎರಡು ಬೇರೆ ಬೇರೆ ದಾರಿಗಳಿವೆ. ಒಂದು ಹಾಡಿನ ದಾರಿ, ಅದರ ಹೆಸರು ಎ2ಡಿಪಿ. ಇದು ಒಂದೇ ದಿಕ್ಕಿನದು. ಲ್ಯಾಪ್‌ಟಾಪ್‌ನಿಂದ ಕಿವಿಗೆ ಮಾತ್ರ ಬರುತ್ತದೆ, ಸ್ಟೀರಿಯೊ ಬರುತ್ತದೆ, ಚೆನ್ನಾಗಿ ಬರುತ್ತದೆ. ಇನ್ನೊಂದು ಫೋನ್ ಮಾತಿನ ದಾರಿ, ಎಚ್‌ಎಫ್‌ಪಿ ಅಂದರೆ ಹ್ಯಾಂಡ್ಸ್‌ಫ್ರೀ. ಇದು ಎರಡೂ ದಿಕ್ಕಿನದು. ಕಾರಿನಲ್ಲಿ ಸ್ಟೀರಿಂಗ್ ಬಿಡದೆ ಫೋನ್ ಮಾತಾಡಲಿ ಎಂದು ಮಾಡಿದ್ದು. ಮಾತು ಹೋಗಬೇಕು, ಮಾತು ಬರಬೇಕು, ತಡವಾಗಬಾರದು. ಅಷ್ಟಕ್ಕೆ ಸದ್ದಿನ ಗುಣಮಟ್ಟವನ್ನು ಬಿಟ್ಟುಕೊಟ್ಟಿದ್ದಾರೆ. ಬಡ್ಸ್‌ನ ಮೈಕ್ ಬೇಕು ಎಂದು ಯಾವುದಾದರೂ ಆ್ಯಪ್ ಕೇಳಿದ ಕೂಡಲೇ ಹಾಡಿನ ದಾರಿ ಮುಚ್ಚಿ ಫೋನ್ ದಾರಿ ತೆರೆಯುತ್ತದೆ.

ವ್ಯತ್ಯಾಸ ಎಷ್ಟು ಅಂತೀರಾ? ಸಿಡಿಯಲ್ಲಿ ಸೆಕೆಂಡಿಗೆ 44,100 ಸಲ ಸದ್ದಿನ ಅಳತೆ ತೆಗೆಯುತ್ತಾರೆ. ಹಳೆಯ ಹ್ಯಾಂಡ್ಸ್‌ಫ್ರೀ ದಾರಿಯಲ್ಲಿ ಬರೀ 8,000 ಸಲ. ಸ್ವಲ್ಪ ಹೊಸದಾದರೆ 16,000 ಸಲ. ಅಳತೆಯ ಸಂಖ್ಯೆಯ ಅರ್ಧದಷ್ಟು ಹರ್ಟ್ಸ್‌ವರೆಗಿನ ಸದ್ದು ಮಾತ್ರ ದಾಟುತ್ತದೆ. ಅಂದರೆ ಹಳೆಯದರಲ್ಲಿ 4,000 ಹರ್ಟ್ಸ್ ಮೇಲಿನದೆಲ್ಲ ಕತ್ತರಿಸಿ ಹೋಗುತ್ತದೆ. ನಮ್ಮ ಸಕಾರದ ಜೀವ ಇರುವುದೇ ಅದರ ಮೇಲೆ. ಅದಕ್ಕೇ ಕಾಲ್‌ನಲ್ಲಿ ‘ಸರಿ’ ಅಂದದ್ದು ಏನೋ ಒರಟಾಗಿ ಕೇಳುತ್ತದೆ, ವಯಸ್ಸಾದವರಿಗೆ ಹೆಸರುಗಳು ತಿಳಿಯುವುದಿಲ್ಲ, ‘ಏನಂದಿ?’ ಎಂದು ಮತ್ತೆ ಮತ್ತೆ ಕೇಳುತ್ತಾರೆ. ಕಿವಿ ಮಂದ ಆಯಿತು ಎಂದು ಅವರು ಬೇಜಾರು ಮಾಡಿಕೊಳ್ಳುತ್ತಾರೆ. ತಪ್ಪು ಅವರ ಕಿವಿಯದಲ್ಲ.

ಹಾಗಾದರೆ ಸರಿ ಮಾಡುವುದು ಹೇಗೆ?

ಕೇಳುವುದಕ್ಕೆ ಬಡ್ಸ್ ಇರಲಿ, ಮಾತಾಡುವುದಕ್ಕೆ ಲ್ಯಾಪ್‌ಟಾಪ್‌ನ ಮೈಕ್ ಇರಲಿ. ಬಡ್ಸ್‌ನ ಮೈಕ್ ಯಾರೂ ಕೇಳದಿದ್ದರೆ ಬ್ಲೂಟೂತ್ ಹಾಡಿನ ದಾರಿಯಲ್ಲೇ ಉಳಿಯುತ್ತದೆ.

ವಿಂಡೋಸ್ 11 ಇದ್ದರೆ ಸೆಟ್ಟಿಂಗ್ಸ್, ಸಿಸ್ಟಮ್, ಸೌಂಡ್‌ಗೆ ಹೋಗಿ. ಔಟ್‌ಪುಟ್ ಜಾಗದಲ್ಲಿ ಬಡ್ಸ್ ಆರಿಸಿ. ಇನ್‌ಪುಟ್ ಜಾಗದಲ್ಲಿ ಲ್ಯಾಪ್‌ಟಾಪ್‌ನ ಮೈಕ್ರೊಫೋನ್ ಆರಿಸಿ. ಹೆಚ್ಚಾಗಿ ಅದರ ಹೆಸರು ‘ಮೈಕ್ರೊಫೋನ್ ಅರೇ’ ಎಂದಿರುತ್ತದೆ.

ವಿಂಡೋಸ್ 10ರಲ್ಲಿ ಒಂದೇ ಬಡ್ಸ್ ಎರಡು ಹೆಸರಲ್ಲಿ ಕಾಣುತ್ತದೆ. ಒಂದರ ಮುಂದೆ ಸ್ಟೀರಿಯೊ ಎಂದು, ಇನ್ನೊಂದರ ಮುಂದೆ ಹ್ಯಾಂಡ್ಸ್‌ಫ್ರೀ ಎಂದು ಇರುತ್ತದೆ. ಸ್ಟೀರಿಯೊ ಆರಿಸಬೇಕು. ಸ್ಪೀಕರ್‌ಗೆ ಸ್ಟೀರಿಯೊ, ಮೈಕ್‌ಗೆ ಹ್ಯಾಂಡ್ಸ್‌ಫ್ರೀ ಎಂದು ಎರಡನ್ನೂ ಕೂಡಿಸಿ ಇಟ್ಟರೆ ಸದ್ದೇ ನಿಂತುಹೋಗಬಹುದು. ಈ ತಪ್ಪು ಬಹಳ ಜನ ಮಾಡುತ್ತಾರೆ.

ಮ್ಯಾಕ್‌ನಲ್ಲಿ ಸಿಸ್ಟಮ್ ಸೆಟ್ಟಿಂಗ್ಸ್, ಸೌಂಡ್, ಅಲ್ಲಿ ಇನ್‌ಪುಟ್‌ಗೆ ಮ್ಯಾಕ್‌ಬುಕ್ ಮೈಕ್ರೊಫೋನ್.

ಇಷ್ಟು ಮಾಡಿಯೂ ಆಗಲಿಲ್ಲ ಎಂದು ವಾಪಸ್ ಬರುವವರಿದ್ದಾರೆ. ಕಾರಣ ಇದು: ಝೂಮ್, ಟೀಮ್ಸ್, ಮೀಟ್ ಎಲ್ಲಕ್ಕೂ ತಮ್ಮದೇ ಆಯ್ಕೆ ಬೇರೆ ಇರುತ್ತದೆ. ಲ್ಯಾಪ್‌ಟಾಪ್‌ನಲ್ಲಿ ಬದಲಿಸಿದ್ದು ಎಷ್ಟೋ ಸಲ ಅವಕ್ಕೆ ಗೊತ್ತಾಗುವುದಿಲ್ಲ. ಝೂಮ್‌ನಲ್ಲಿ ಮ್ಯೂಟ್ ಬಟನ್ ಪಕ್ಕದ ಸಣ್ಣ ಬಾಣ ಒತ್ತಿ. ಮೀಟ್‌ನಲ್ಲಿ ಕೆಳಗಿನ ಮೂರು ಚುಕ್ಕಿ, ಸೆಟ್ಟಿಂಗ್ಸ್, ಆಡಿಯೊ. ಟೀಮ್ಸ್‌ನಲ್ಲಿ ಸೆಟ್ಟಿಂಗ್ಸ್ ಒಳಗೆ ಡಿವೈಸಸ್. ಮೂರು ಕಡೆಯೂ ಮೈಕ್ ಮತ್ತು ಸ್ಪೀಕರ್ ಬೇರೆ ಬೇರೆ ಆರಿಸಬಹುದು.

ಅಕ್ಕನಿಗೆ ಹೀಗೆ ಬದಲಿಸಿ ಕೊಟ್ಟು ಅವರ ತಾಯಿಗೆ ಕಾಲ್ ಹಚ್ಚಿಸಿದೆ. ಆ ಕಡೆಯಿಂದ ಬಂದ ಮೊದಲ ಮಾತು, “ನೆಗಡಿ ಆರಾಮಾತೇನ?” ಮಗಳಿಗೆ ನೆಗಡಿ ಆಗಿರಲೇ ಇಲ್ಲ. ಇಷ್ಟು ದಿನ ಬಡ್ಸ್‌ನ ಮೈಕ್ ಮಗಳ ದನಿಯನ್ನೂ ಅಷ್ಟೇ ಕತ್ತರಿಸಿ ಕಳಿಸುತ್ತಿತ್ತು. ಆ ತಾಯಿ ಮಗಳಿಗೆ ಮೈಗೆ ಸರಿ ಇಲ್ಲ ಎಂದು ತಿಂಗಳುಗಟ್ಟಲೆ ಚಿಂತೆ ಮಾಡಿದ್ದರು. ಅವತ್ತಿನಿಂದ ನಾನು ಯಾರ ಲ್ಯಾಪ್‌ಟಾಪ್ ಮುಟ್ಟಿದರೂ ಈ ಒಂದು ಬದಲಾವಣೆ ಮೊದಲು ಮಾಡುತ್ತೇನೆ.

ಲ್ಯಾಪ್‌ಟಾಪ್ ಮೈಕ್ ಇಟ್ಟರೆ ಮನೆಯ ಗಲಾಟೆಯೆಲ್ಲ ಆ ಕಡೆ ಕೇಳುವುದಿಲ್ಲವೇ?

ಕೇಳುತ್ತದೆ. ನಮ್ಮ ಫ್ಲ್ಯಾಟುಗಳ ಸ್ಥಿತಿ ಗೊತ್ತೇ ಇದೆ. ಒಂದೇ ಹಾಲ್‌ನಲ್ಲಿ ಟಿವಿ, ಊಟ, ಮಗುವಿನ ಹೋಂವರ್ಕ್. ಅಡುಗೆಮನೆಯ ಮಿಕ್ಸರ್, ಕುಕ್ಕರ್ ಸೀಟಿ. ಸ್ಟೇಷನ್ ಹತ್ತಿರದವರಿಗೆ ಫಾಸ್ಟ್ ಲೋಕಲ್ ರೈಲಿನ ಸದ್ದು ಬೇರೆ.

ಹಾಗಿದ್ದಾಗ ಆ್ಯಪ್‌ನಲ್ಲಿರುವ ನಾಯ್ಸ್ ಸಪ್ರೆಷನ್, ಅಂದರೆ ಗದ್ದಲ ತಗ್ಗಿಸುವ ಆಯ್ಕೆ, ಆನ್ ಮಾಡಿ. ಕಿಟಕಿಗೆ, ಅಡುಗೆಮನೆಗೆ ಬೆನ್ನು ಮಾಡದೆ, ಅವು ಲ್ಯಾಪ್‌ಟಾಪ್‌ನ ಹಿಂದಿರುವಂತೆ ಕೂತು ನೋಡಿ. ಮುಖ ಲ್ಯಾಪ್‌ಟಾಪ್‌ನಿಂದ ಒಂದು ಮೊಳ ದೂರ ಇದ್ದರೆ ಸಾಕು. ಬೆಡ್‌ರೂಮ್ ಒಳ್ಳೆಯದು. ಹಾಸಿಗೆ, ಪರದೆ, ಬಟ್ಟೆ ಸದ್ದನ್ನು ಹೀರುತ್ತವೆ.

ಗಲಾಟೆ ತಪ್ಪಿಸಲು ಆಗುವುದೇ ಇಲ್ಲ ಎಂದಾದರೆ ನನ್ನ ಸಲಹೆ ವೈರ್ ಇರುವ ಇಯರ್‌ಫೋನ್. ಮೊಬೈಲ್ ಜೊತೆ ಹಿಂದೆ ಬರುತ್ತಿದ್ದಂಥದ್ದು, 3.5 ಮಿಲಿಮೀಟರ್ ಪಿನ್ನಿನದು. ಮೈಕ್ ಬಾಯಿಯ ಹತ್ತಿರ ಇರುತ್ತದೆ, ಬ್ಲೂಟೂತ್‌ನ ಯಾವ ರಗಳೆಯೂ ಇಲ್ಲ, ಚಾರ್ಜ್ ಮಾಡುವ ಕೆಲಸವೂ ಇಲ್ಲ. ಇಂಟರ್‌ವ್ಯೂ ಇರುವ ಮಕ್ಕಳಿಗೆ ನಾನು ಇದನ್ನೇ ಹೇಳುವುದು.

ಬಡ್ಸ್ ಕನೆಕ್ಟ್ ಆಗಿದೆ ಎಂದು ತೋರಿಸುತ್ತದೆ. ಸದ್ದು ಮಾತ್ರ ಲ್ಯಾಪ್‌ಟಾಪ್ ಸ್ಪೀಕರ್‌ನಿಂದ ಬರುತ್ತದೆ.

ಕಾಲ್ ಶುರುವಾದ ಮೇಲೆ ಬಡ್ಸ್ ಡಬ್ಬಿಯಿಂದ ತೆಗೆದಿರುತ್ತೀರಿ. ಆ್ಯಪ್ ಆಗಲೇ ಸ್ಪೀಕರ್ ಹಿಡಿದುಕೊಂಡಿರುತ್ತದೆ. ಮೇಲೆ ಹೇಳಿದ ಹಾಗೆ ಆ್ಯಪ್‌ನ ಒಳಗೆ ಸ್ಪೀಕರ್ ಬದಲಿಸಿ. ಇನ್ನು ಮುಂದೆ ಬಡ್ಸ್ ಹಾಕಿಕೊಂಡು, ಕನೆಕ್ಟ್ ಆದ ಸದ್ದು ಕೇಳಿದ ಮೇಲೆ ಲಿಂಕ್ ಒತ್ತಿ.

ಅವರ ಮಾತು ನನಗೆ ಕೇಳುತ್ತದೆ. ನನ್ನ ಮಾತು ಅವರಿಗೆ ಕೇಳುವುದೇ ಇಲ್ಲ.

ಮ್ಯೂಟ್ ಆಗಿದೆಯೇ ನೋಡಿ. ಮೂರು ಕಡೆ ಮ್ಯೂಟ್ ಇರಬಹುದು: ಆ್ಯಪ್‌ನಲ್ಲಿ, ಲ್ಯಾಪ್‌ಟಾಪ್ ಕೀಬೋರ್ಡ್‌ನ ಮೈಕ್ ಗುರುತಿನ ಕೀಲಿಯಲ್ಲಿ, ಕೆಲವು ಬಡ್ಸ್‌ನಲ್ಲಿ ಬೆರಳು ಮುಟ್ಟಿದರೆ ಆಗುವ ಮ್ಯೂಟ್‌ನಲ್ಲಿ. ಕೂದಲು ಹಿಂದೆ ಸರಿಸುವಾಗ ಬೆರಳು ತಾಗಿ ಮ್ಯೂಟ್ ಆಗಿದ್ದನ್ನು ನಾನೇ ಕಂಡಿದ್ದೇನೆ.

ಅದಲ್ಲದಿದ್ದರೆ ಪರವಾನಗಿ. ಬ್ರೌಸರ್‌ನಲ್ಲಿ ಕಾಲ್ ಮಾಡುವಾಗ ಮೊದಲ ಸಲ ‘ಮೈಕ್ ಬಳಸಲೇ?’ ಎಂದು ಕೇಳುತ್ತದೆ. ಗಡಿಬಿಡಿಯಲ್ಲಿ ‘ಬ್ಲಾಕ್’ ಒತ್ತಿದರೆ ಮತ್ತೆ ಕೇಳುವುದಿಲ್ಲ. ವಿಳಾಸದ ಸಾಲಿನ ಎಡಕ್ಕಿರುವ ಗುರುತು ಒತ್ತಿ, ಮೈಕ್ರೊಫೋನ್ ಆನ್ ಮಾಡಿ, ಪುಟ ರಿಫ್ರೆಶ್ ಮಾಡಿ. ವಿಂಡೋಸ್‌ನಲ್ಲೂ ಮ್ಯಾಕ್‌ನಲ್ಲೂ ಸೆಟ್ಟಿಂಗ್ಸ್‌ನ ಪ್ರೈವಸಿ ಭಾಗದಲ್ಲಿ ಮೈಕ್ರೊಫೋನ್ ಎಂದಿದೆ. ಅಲ್ಲಿಯೂ ಆ ಆ್ಯಪ್‌ಗೆ ಅನುಮತಿ ಇರಬೇಕು. ಆಫೀಸ್ ಲ್ಯಾಪ್‌ಟಾಪ್ ಆಗಿದ್ದು ಆ ಸ್ವಿಚ್ ಮಸುಕಾಗಿ ಕಂಡರೆ ಅದನ್ನು ನಿಮ್ಮ ಐಟಿಯವರೇ ತೆರೆಯಬೇಕು.

ಸದ್ದು ಕಡಿದು ಕಡಿದು ಬರುತ್ತದೆ. ಇಂಟರ್‌ನೆಟ್ ತಪ್ಪೋ, ಬಡ್ಸ್ ತಪ್ಪೋ?

ಮೊದಲು ಇದನ್ನು ಬೇರೆ ಮಾಡಿಕೊಳ್ಳಿ. ಕಡಿಯುತ್ತಿರುವಾಗಲೇ ಸ್ಪೀಕರ್ ಅನ್ನು ಲ್ಯಾಪ್‌ಟಾಪ್‌ಗೆ ಬದಲಿಸಿ. ಆಗಲೂ ಕಡಿದರೆ ನೆಟ್ ತಪ್ಪು. ಸರಿಹೋದರೆ ಬ್ಲೂಟೂತ್ ತಪ್ಪು. ಹತ್ತು ಸೆಕೆಂಡಿನ ಕೆಲಸ, ಆದರೆ ಇದನ್ನು ಮಾಡದೆ ಜನ ನೆಟ್ ಕಂಪನಿಗೆ ಫೋನ್ ಮಾಡಿ ಅರ್ಧ ದಿನ ಕಳೆಯುತ್ತಾರೆ.

ಬ್ಲೂಟೂತ್ ಎಂದು ಖಚಿತವಾದರೆ ಮುಂದೆ ಓದಿ. ಬ್ಲೂಟೂತ್ ಓಡಾಡುವುದು 2.4 ಗಿಗಾಹರ್ಟ್ಸ್ ಎಂಬ ಗಾಳಿಯ ಗಲ್ಲಿಯಲ್ಲಿ. ಹಳೆಯ ವೈಫೈಯೂ ಅಲ್ಲೇ, ಮೈಕ್ರೊವೇವ್ ಓವನ್ ಸೋರಿಕೆಯೂ ಅಲ್ಲೇ, ವೈರ್‌ಲೆಸ್ ಮೌಸ್ ಕೂಡ ಅಲ್ಲೇ. ನಮ್ಮ ಹಾಲ್‌ನಲ್ಲಿ ಕೂತು ವೈಫೈ ಪಟ್ಟಿ ತೆರೆದರೆ ಇಪ್ಪತ್ತಕ್ಕಿಂತ ಜಾಸ್ತಿ ಹೆಸರು ಬರುತ್ತವೆ. ಮೇಲಿನ ಮನೆ, ಕೆಳಗಿನ ಮನೆ, ಎದುರಿನ ವಿಂಗ್. ಬೆಳಿಗ್ಗೆ 8.20ರ ಡೊಂಬಿವಲಿ ಪ್ಲಾಟ್‌ಫಾರ್ಮ್ ಹೇಗಿರುತ್ತದೋ ಆ ಗಲ್ಲಿಯೂ ಹಾಗೇ. ಬ್ಲೂಟೂತ್ ಆ ಗಲ್ಲಿಯನ್ನು 79 ಸಣ್ಣ ಜಾಗಗಳಾಗಿ ಮಾಡಿಕೊಂಡು, ಸೆಕೆಂಡಿಗೆ 1,600 ಸಲ ಒಂದರಿಂದ ಒಂದಕ್ಕೆ ಜಿಗಿಯುತ್ತ ಖಾಲಿ ಜಾಗ ಹುಡುಕುತ್ತದೆ. ಎಲ್ಲೂ ಜಾಗ ಸಿಗದಾಗ ಸದ್ದು ಕಡಿಯುತ್ತದೆ.

ಮಾಡಬೇಕಾದ್ದು: ಲ್ಯಾಪ್‌ಟಾಪ್ ಅನ್ನು 5 ಗಿಗಾಹರ್ಟ್ಸ್ ವೈಫೈಗೆ ಹಾಕಿ. ಈಗಿನ ಹೆಚ್ಚಿನ ರೌಟರ್‌ಗಳು ಎರಡನ್ನೂ ಕೊಡುತ್ತವೆ, ಹೆಸರಿನ ಕೊನೆಗೆ 5ಜಿ ಎಂದು ಬರೆದಿರುವುದು ಅದೇ. ಅದಕ್ಕೂ ಮೊಬೈಲ್‌ನ 5ಜಿಗೂ ಸಂಬಂಧ ಇಲ್ಲ. ತುಂಬಾ ಲ್ಯಾಪ್‌ಟಾಪ್‌ಗಳಲ್ಲಿ ವೈಫೈ ಮತ್ತು ಬ್ಲೂಟೂತ್ ಒಂದೇ ಕಾರ್ಡ್‌ನಲ್ಲಿ ಇರುವುದರಿಂದ ಈ ಒಂದು ಬದಲಾವಣೆಯಿಂದಲೇ ಎಷ್ಟೋ ಸಲ ಸರಿಹೋಗುತ್ತದೆ.

ಇನ್ನೊಂದು ಕಾರಣ ಯಾರಿಗೂ ಹೊಳೆಯುವುದಿಲ್ಲ. ಲ್ಯಾಪ್‌ಟಾಪ್‌ಗೆ ಯುಎಸ್‌ಬಿ 3 ಹಾರ್ಡ್‌ಡಿಸ್ಕ್ ಅಥವಾ ಹಬ್ ಚುಚ್ಚಿದ್ದೀರಾ? ಅದು ಕೆಲಸ ಮಾಡುವಾಗ ಇದೇ 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲ ಹರಡುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದಿದೆ. ನಮ್ಮ ಆಫೀಸಿನಲ್ಲಿ ಒಬ್ಬರ ಬಡ್ಸ್ ಮನೆಯಲ್ಲಿ ಸರಿ, ಡೆಸ್ಕ್‌ನಲ್ಲಿ ಮಾತ್ರ ಕಡಿಯುತ್ತಿತ್ತು. ಎರಡು ವಾರ ಹುಡುಕಿದ ಮೇಲೆ ನೋಡಿದರೆ ಡೆಸ್ಕ್‌ನ ಯುಎಸ್‌ಬಿ ಹಬ್ ಲ್ಯಾಪ್‌ಟಾಪ್‌ಗೆ ಅಂಟಿಕೊಂಡೇ ಇತ್ತು. ಉದ್ದದ ವೈರ್ ಹಾಕಿ ಒಂದು ಮಾರು ದೂರ ಇಟ್ಟೆವು. ಅಲ್ಲಿಗೆ ನಿಂತಿತು.

ನಮ್ಮ ದೇಹವೂ ಅಡ್ಡ ಬರುತ್ತದೆ. ದೇಹದಲ್ಲಿ ಇರುವುದು ಹೆಚ್ಚಾಗಿ ನೀರು, ನೀರು ಈ ಅಲೆಯನ್ನು ಕುಡಿದುಬಿಡುತ್ತದೆ. ಲ್ಯಾಪ್‌ಟಾಪ್ ಹಾಲ್‌ನಲ್ಲಿಟ್ಟು ಅಡುಗೆಮನೆಯಲ್ಲಿ ಒಲೆಯ ಕಡೆ ಮುಖ ಮಾಡಿ ನಿಂತರೆ ಕಡಿಯುವುದು ಸಹಜ.

ಒಂದೇ ಕಿವಿಯಲ್ಲಿ ಕೇಳುತ್ತದೆ, ಅಥವಾ ಒಂದು ಬಹಳ ಸಣ್ಣಗೆ ಕೇಳುತ್ತದೆ.

ಬ್ಯಾಟರಿ ನೋಡಿ. ಡಬ್ಬಿಯಲ್ಲಿ ಸರಿಯಾಗಿ ಕೂರದೆ ಒಂದು ಬಡ್ ಚಾರ್ಜ್ ಆಗಿರುವುದಿಲ್ಲ. ಅದು ಸರಿಯಿದ್ದರೆ ಬೆಳಕಿನಲ್ಲಿ ಹಿಡಿದು ಜಾಲರಿ ನೋಡಿ.

ಕಳೆದ ತಿಂಗಳು ಪಕ್ಕದ ಸೊಸೈಟಿಯ ಮಾಮ ಒಂದು ಜೋಡಿ ತಂದರು. ಎಡಗಡೆಯದು ಪಿಸುಗುಟ್ಟಿದ ಹಾಗೆ ಕೇಳುತ್ತಿತ್ತು. ಅಂಗಡಿಯವನು ‘ಸ್ಪೀಕರ್ ಹೋಗಿದೆ’ ಎಂದಿದ್ದನಂತೆ. ರಬ್ಬರ್ ಟಿಪ್ ಎಳೆದು ತೆಗೆದೆ. ಕೆಳಗೆ ಸಾಸಿವೆ ಕಾಳಿನಷ್ಟು ಅಗಲದ ಜಾಲರಿ. ಅದರ ಮೇಲೆ ಹಳದಿ ಮಿಶ್ರಿತ ಕಂದು ಪದರ ಒಣಗಿ ಬಿಗಿಯಾಗಿ ಕೂತಿತ್ತು. ಬಡ್ ಅನ್ನು ತಲೆಕೆಳಗಾಗಿ ಹಿಡಿದು, ಒಣ ಹಲ್ಲುಜ್ಜುವ ಬ್ರಷ್‌ನಿಂದ, ಮಕ್ಕಳದ್ದು, ಮೆತ್ತನೆಯದು, ಮೆಲ್ಲಗೆ ಉಜ್ಜಿದೆ. ಕಾಗದದ ಮೇಲೆ ಸಣ್ಣ ಪುಡಿ ಉದುರಿತು. ಐದು ನಿಮಿಷ ಆದ ಮೇಲೆ ಜಾಲರಿಯ ತೂತುಗಳು ಒಂದೊಂದಾಗಿ ಕಾಣತೊಡಗಿದವು. ಹಾಕಿಕೊಂಡು ಕೇಳಿದರೆ ಎರಡೂ ಸಮ. ತಲೆಕೆಳಗು ಹಿಡಿಯುವುದು ಮುಖ್ಯ. ಇಲ್ಲದಿದ್ದರೆ ಗುಗ್ಗೆ ಒಳಗೇ ಬೀಳುತ್ತದೆ. ಪಿನ್ನು, ಸೂಜಿ, ನೀರು ಬೇಡವೇ ಬೇಡ. ರಬ್ಬರ್ ಟಿಪ್ ಮಾತ್ರ ಬಿಚ್ಚಿ ಸೋಪಿನಲ್ಲಿ ತೊಳೆದು, ಪೂರ್ತಿ ಒಣಗಿಸಿ ಹಾಕಬಹುದು.

ಸ್ವಚ್ಛ ಮಾಡಿದರೂ ಒಂದು ಕಿವಿ ಮೌನವಾಗಿದ್ದರೆ ಎರಡು ಬಡ್‌ಗಳ ನಡುವಿನ ಜೊತೆ ತಪ್ಪಿರುತ್ತದೆ. ಲ್ಯಾಪ್‌ಟಾಪ್‌ನಿಂದಲೂ ಮೊಬೈಲ್‌ನಿಂದಲೂ ಅವುಗಳ ಹೆಸರು ತೆಗೆದುಹಾಕಿ, ಬಡ್ಸ್ ರಿಸೆಟ್ ಮಾಡಿ, ಹೊಸದಾಗಿ ಜೋಡಿಸಿ. ರಿಸೆಟ್ ಮಾಡುವ ಕ್ರಮ ಒಂದೊಂದು ಮಾದರಿಗೆ ಒಂದೊಂದು ತರಹ. ಡಬ್ಬಿಯೊಳಗೆ ಬಂದ ಚೀಟಿ ಎಸೆದಿದ್ದರೆ ಕಂಪನಿಯ ಸೈಟ್‌ನಲ್ಲಿ ಮಾದರಿ ಸಂಖ್ಯೆ ಹಾಕಿ ನೋಡಿ. ವಿಂಡೋಸ್‌ನಲ್ಲಿ ಎಡ ಬಲ ಬ್ಯಾಲೆನ್ಸ್ ಪಟ್ಟಿ ಒಂದು ಕಡೆಗೆ ಸರಿದಿದೆಯೇ ಎಂದೂ ನೋಡಿಕೊಳ್ಳಿ.

ಒಂದು ಕಿವಿ ಸ್ವಲ್ಪ ಮಂದ ಇರುವ ಹಿರಿಯರಿದ್ದರೆ ಆ್ಯಕ್ಸೆಸಿಬಿಲಿಟಿ, ಆಡಿಯೊದಲ್ಲಿ ಮೋನೊ ಆನ್ ಮಾಡಿ. ಎರಡೂ ಕಡೆಯ ಸದ್ದು ಎರಡೂ ಕಿವಿಗೆ ಸಿಗುತ್ತದೆ.

ನನ್ನ ಮಾತು ನನಗೇ ತಿರುಗಿ ಕೇಳುತ್ತದೆ.

ಪ್ರತಿಧ್ವನಿ ಕೇಳುವವರ ತಪ್ಪಲ್ಲ, ಆ ಕಡೆಯವರದ್ದು. ಅವರ ಸ್ಪೀಕರ್‌ನಿಂದ ಬಂದ ನಿಮ್ಮ ದನಿ ಅವರ ಮೈಕ್‌ಗೆ ಹೋಗಿ ವಾಪಸ್ ಬರುತ್ತಿದೆ. ಗುಂಪಿನ ಕಾಲ್ ಆದರೆ ಒಬ್ಬೊಬ್ಬರನ್ನೇ ಮ್ಯೂಟ್ ಮಾಡಿಸುತ್ತ ಹೋಗಿ. ಯಾರು ಮ್ಯೂಟ್ ಆದಾಗ ನಿಲ್ಲುತ್ತದೋ ಅವರು ಸ್ಪೀಕರ್ ಕಡಿಮೆ ಮಾಡಲಿ. ಒಂದೇ ಕೋಣೆಯಲ್ಲಿ ಎರಡು ಲ್ಯಾಪ್‌ಟಾಪ್ ಒಂದೇ ಮೀಟಿಂಗ್‌ನಲ್ಲಿದ್ದರೂ ಹೀಗೇ ಆಗುತ್ತದೆ.

ಮೊಬೈಲ್‌ಗೆ ಒಂದು ಮೆಸೇಜ್ ಬಂದರೆ ಸಾಕು, ಲ್ಯಾಪ್‌ಟಾಪ್‌ನ ಕಾಲ್ ಸದ್ದು ಹೋಗುತ್ತದೆ.

ನಿಮ್ಮ ಬಡ್ಸ್ ಮೊಬೈಲ್‌ಗೂ ಲ್ಯಾಪ್‌ಟಾಪ್‌ಗೂ ಒಟ್ಟಿಗೇ ಸೇರಿಕೊಂಡಿದೆ. ಇದಕ್ಕೆ ಮಲ್ಟಿಪಾಯಿಂಟ್ ಎನ್ನುತ್ತಾರೆ. ಅನುಕೂಲ ಇದೆ, ಆದರೆ ಕಾಲ್ ನಡೆಯುವಾಗ ಕಿರಿಕಿರಿ. ಮುಖ್ಯವಾದ ಕಾಲ್ ಇದ್ದಾಗ ಮೊಬೈಲ್‌ನ ಬ್ಲೂಟೂತ್ ಆಫ್ ಮಾಡಿಬಿಡಿ. ಲೋಕಲ್‌ನಲ್ಲಿ ಹಾಡು ಕೇಳಿಕೊಂಡು ಬಂದು ಮನೆಯಲ್ಲಿ ಲ್ಯಾಪ್‌ಟಾಪ್ ತೆರೆಯುವವರಿಗೆ ಇದು ದಿನದ ತೊಂದರೆ.

ಭಜನೆ ಕ್ಲಾಸ್‌ನಲ್ಲಿ ತಾಳ, ಶ್ರುತಿ ಪೆಟ್ಟಿಗೆ ಕೇಳುವುದೇ ಇಲ್ಲ. ನಾನು ಹಾಡುವಾಗ ನಡುನಡುವೆ ದನಿ ಮುಳುಗುತ್ತದೆ ಎನ್ನುತ್ತಾರೆ.

ಆ್ಯಪ್‌ಗೆ ಗೊತ್ತಿರುವುದು ಮಾತು ಮತ್ತು ಗದ್ದಲ, ಎರಡೇ. ಒಂದೇ ಸಮನೆ ಬರುವ ಸದ್ದನ್ನು ಅದು ಫ್ಯಾನ್ ಎಂದು ತಿಳಿಯುತ್ತದೆ. ಶ್ರುತಿ ಪೆಟ್ಟಿಗೆ ಒಂದೇ ಸಮನೆ ಬರುತ್ತದೆ ಅಲ್ವಾ, ಅದನ್ನು ಅಳಿಸುತ್ತದೆ. ಉದ್ದಕ್ಕೆ ಎಳೆದ ಆಲಾಪವನ್ನೂ ಅಷ್ಟೇ. ಹಾಡು, ಯಕ್ಷಗಾನದ ಪಾಠ ಇದ್ದವರು ಝೂಮ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಷಿಯನ್ಸ್’ ಎಂಬುದನ್ನು ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಿ, ಕಾಲ್ ಒಳಗೆ ಮೇಲಿನ ಮೂಲೆಯಲ್ಲೂ ಅದನ್ನು ಒತ್ತಿ. ಮೀಟ್ ಮತ್ತು ಟೀಮ್ಸ್‌ನಲ್ಲಿ ನಾಯ್ಸ್ ಆಯ್ಕೆಯನ್ನು ಆಫ್ ಮಾಡಿ. ಇಲ್ಲಿಯೂ ಬಡ್ಸ್‌ನ ಮೈಕ್ ಬೇಡ.

ಮತ್ತೆ, ಇಬ್ಬರೂ ಒಟ್ಟಿಗೆ ಹಾಡಲು ಹೋಗಬೇಡಿ. ನೆಟ್‌ನಲ್ಲಿ ಸ್ವಲ್ಪ ತಡ, ಬ್ಲೂಟೂತ್‌ನಲ್ಲಿ ಇನ್ನೂ ಸ್ವಲ್ಪ ತಡ. ತಾಳ ಕೂಡುವುದೇ ಇಲ್ಲ. ಗುರುಗಳು ಒಂದು ಸಾಲು, ನೀವು ಒಂದು ಸಾಲು, ಹಾಗೇ ನಡೆಯಬೇಕು. ನಮ್ಮ ಕಟ್ಟಡದ ಹೆಂಗಸರ ಕ್ಲಾಸು ಹೀಗೇ ನಡೆದು, ಹೋದ ವರ್ಷ ನವರಾತ್ರಿಯಲ್ಲಿ ಎಲ್ಲರೂ ಒಟ್ಟಿಗೆ ಕೂತು ಎಷ್ಟು ಚೆನ್ನಾಗಿ ಹಾಡಿದರು!

ಕಾಲ್ ಬಂದ ಕೂಡಲೇ ಬೇರೆ ಎಲ್ಲ ಸದ್ದು ತಾನಾಗಿ ಕಡಿಮೆಯಾಗುತ್ತದೆ.

ವಿಂಡೋಸ್‌ನ ಹಳೆಯ ಸೌಂಡ್ ಕಿಟಕಿಯಲ್ಲಿ ಕಮ್ಯುನಿಕೇಷನ್ಸ್ ಎಂಬ ಟ್ಯಾಬ್ ಇದೆ. ಅಲ್ಲಿ ‘80 ಪರ್ಸೆಂಟ್ ಕಡಿಮೆ ಮಾಡು’ ಎಂದು ಮೊದಲೇ ಇಟ್ಟಿರುತ್ತಾರೆ. ‘ಡು ನಥಿಂಗ್’ ಆರಿಸಿ, ಮುಗಿಯಿತು.

ವಾಲ್ಯೂಮ್ ಪೂರ್ತಿ ಇಟ್ಟರೂ ಸಾಲುವುದಿಲ್ಲ.

ವಾಲ್ಯೂಮ್ ಎರಡು ಕಡೆ ಇರುತ್ತದೆ, ಲ್ಯಾಪ್‌ಟಾಪ್‌ನಲ್ಲಿ ಒಂದು, ಆ್ಯಪ್‌ನಲ್ಲಿ ಇನ್ನೊಂದು. ಎರಡೂ ನೋಡಿ. ಆಮೇಲೆ ರಬ್ಬರ್ ಟಿಪ್ ಅಳತೆ ಬದಲಿಸಿ ನೋಡಿ. ಟಿಪ್ ಸಡಿಲ ಇದ್ದರೆ ದಪ್ಪ ಸದ್ದೆಲ್ಲ ಹೊರಗೆ ಸೋರಿಹೋಗುತ್ತದೆ. ಹೊರಗಿನ ಗಲಾಟೆಗೆ ಪೈಪೋಟಿ ಮಾಡಿ ಏರಿಸುತ್ತ ಹೋಗಬೇಡಿ, ದಯವಿಟ್ಟು. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಕ್ಕಳಿಗೆ ಅದಕ್ಕಿಂತ ಕಡಿಮೆ. ದಿನವಿಡೀ ಮೀಟಿಂಗ್ ಇರುವವರು ಗಂಟೆಗೊಮ್ಮೆ ಬಡ್ಸ್ ತೆಗೆದು ಕಿವಿಗೆ ಗಾಳಿ ಆಡಲು ಬಿಡಿ.

ಮಳೆಗಾಲದಲ್ಲಿ ಏನು ಜಾಗ್ರತೆ?

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಂಬೈಯಲ್ಲಿ ಕಪಾಟಿನ ಚಪ್ಪಲಿಗೇ ಬೂಷ್ಟು ಬರುತ್ತದೆ. ಬೆವರು ಹತ್ತಿದ ಬಡ್ಸ್ ಅನ್ನು ಹಾಗೇ ಡಬ್ಬಿಗೆ ಹಾಕಿ ಮುಚ್ಚಿದರೆ ಒಳಗಿನ ಚಿನ್ನದ ಬಣ್ಣದ ಪಿನ್ನುಗಳಿಗೆ ಪಾಚಿ ಬಣ್ಣ ಹಿಡಿಯುತ್ತದೆ. ಆಮೇಲೆ ಚಾರ್ಜ್ ಆಗುವುದಿಲ್ಲ. ಪ್ರತಿ ಸಲ ಒಣ ಬಟ್ಟೆಯಿಂದ ಒರೆಸಿ ಹಾಕಿ. ಪಿನ್ನು ಕಪ್ಪಾಗಿದ್ದರೆ ಐಸೊಪ್ರೊಪೈಲ್ ಆಲ್ಕೊಹಾಲ್ ಒಂದು ಹನಿ ಹತ್ತಿಗೆ ಮುಟ್ಟಿಸಿ ಒರೆಸಿ, ಒಣಗಲು ಬಿಡಿ. ಒದ್ದೆಯಾದ ಬಡ್ಸ್ ಅನ್ನು ಚಾರ್ಜ್‌ಗೆ ಹಾಕಬೇಡಿ. ಅಕ್ಕಿ ಡಬ್ಬದಲ್ಲಿ ಹೂಳುವುದೂ ಬೇಡ, ಅದರ ಧೂಳು ಜಾಲರಿಗೆ ಸೇರುತ್ತದೆ. ಫ್ಯಾನ್ ಕೆಳಗೆ ಒಂದು ದಿನ ಇಡಿ. ಶೂ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಚೀಲ ಇದ್ದರೆ ಅದರ ಜೊತೆ ಇಡಿ.

ಹೊಸದು ಕೊಳ್ಳುವುದೇ ಆದರೆ ಏನು ನೋಡಬೇಕು?

ಎಲ್‌ಇ ಆಡಿಯೊ ಎಂಬ ಪದ ನೋಡಿ. ಇದು 2020ರಲ್ಲಿ ಘೋಷಣೆಯಾದ ಬ್ಲೂಟೂತ್‌ನ ಹೊಸ ದಾರಿ. ಇದರಲ್ಲಿ ಮೈಕ್ ಆನ್ ಇದ್ದರೂ ಸದ್ದು ಚೆನ್ನಾಗಿ ಉಳಿಯಲು ಸಾಧ್ಯ. ಆದರೆ ಬಡ್ಸ್‌ನಲ್ಲಿ ಮಾತ್ರ ಇದ್ದರೆ ಪ್ರಯೋಜನ ಇಲ್ಲ. ಲ್ಯಾಪ್‌ಟಾಪ್‌ನ ಬ್ಲೂಟೂತ್ ಭಾಗ, ಅದನ್ನು ನಡೆಸುವ ಸಾಫ್ಟ್‌ವೇರ್ ಅಂದರೆ ಡ್ರೈವರ್, ವಿಂಡೋಸ್ 11, ಎಲ್ಲಕ್ಕೂ ಅದು ಗೊತ್ತಿರಬೇಕು. ಹಳೆಯ ಲ್ಯಾಪ್‌ಟಾಪ್ ಇಟ್ಟುಕೊಂಡು ದುಬಾರಿ ಬಡ್ಸ್ ತಂದರೆ ಮೊದಲಿನ ಡಬ್ಬದ ಸದ್ದೇ ಬರುತ್ತದೆ. ನಮ್ಮ ಅಕ್ಕನಿಗೆ ಎರಡನೇ ಜೋಡಿಯಿಂದ ಏನೂ ಬದಲಾಗದೆ ಇದ್ದದ್ದು ಇದಕ್ಕೇ.

ಗ್ರಾಂಟ್ ರೋಡ್ ಸ್ಟೇಷನ್ ಹತ್ತಿರದ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡ್‌ಗೆ ಹೋಗುವವರು ಲ್ಯಾಪ್‌ಟಾಪ್ ಜೊತೆಗೇ ಹೋಗಿ. ಅಂಗಡಿಯಲ್ಲೇ ಒಂದು ಕಾಲ್ ಮಾಡಿ ನೋಡಿ. ಹಾಡು ಹಾಕಿ ತೋರಿಸಿದರೆ ಒಪ್ಪಬೇಡಿ, ಹಾಡು ಎಲ್ಲದರಲ್ಲೂ ಚೆನ್ನಾಗಿಯೇ ಕೇಳುತ್ತದೆ. ಬಿಲ್ ಇಲ್ಲದೆ ತರಬೇಡಿ. ವಾರಂಟಿ ಇದ್ದೂ ಸರ್ವಿಸ್ ಸೆಂಟರ್‌ನವರು ಸುಮ್ನೆ ಓಡಾಡಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಬಹುದು. ನನಗೇ ಒಂದು ಸಲ ಮೂರು ತಿಂಗಳು ತಿರುಗಿಸಿದ್ದರು. ಬಿಲ್ ಜೋಪಾನವಾಗಿ ಇಟ್ಟಿದ್ದರಿಂದ ಬದಲಿ ಜೋಡಿ ಸಿಕ್ಕಿತು.

ಯಾವುದೂ ಕೆಲಸ ಮಾಡುತ್ತಿಲ್ಲ. ಕಾಲ್ ಶುರುವಾಗಲು ಐದೇ ನಿಮಿಷ ಇದೆ. ಏನು ಮಾಡಲಿ?

ಬಡ್ಸ್ ತೆಗೆದು ಡಬ್ಬಿಗೆ ಹಾಕಿ ಮುಚ್ಚಳ ಮುಚ್ಚಿ. ಲ್ಯಾಪ್‌ಟಾಪ್‌ನ ಬ್ಲೂಟೂತ್ ಆಫ್ ಮಾಡಿ ಆನ್ ಮಾಡಿ. ಕಾಲ್ ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಬಡ್ಸ್ ಹಾಕಿಕೊಂಡು ಟೆಸ್ಟ್ ಮಾಡಿ. ಝೂಮ್‌ನಲ್ಲಿ ‘ಟೆಸ್ಟ್ ಸ್ಪೀಕರ್ ಆ್ಯಂಡ್ ಮೈಕ್ರೊಫೋನ್’ ಇದೆ, ಟೀಮ್ಸ್‌ನಲ್ಲಿ ‘ಟೆಸ್ಟ್ ಕಾಲ್’ ಇದೆ. ನಿಮ್ಮ ದನಿ ನಿಮಗೇ ಕೇಳಿಸುತ್ತದೆ.

ಅದೂ ಆಗದಿದ್ದರೆ ಬಡ್ಸ್ ಬಿಟ್ಟುಬಿಡಿ. ಮೇಜಿನ ಡ್ರಾಯರ್‌ನಲ್ಲಿ ಒಂದು ವೈರ್ ಇಯರ್‌ಫೋನ್ ಯಾವತ್ತೂ ಇರಲಿ. ಅದು ಸಿಗದಿದ್ದರೆ ಲ್ಯಾಪ್‌ಟಾಪ್‌ನಲ್ಲಿ ಮುಖ ಮಾತ್ರ ಕಾಣಿಸಿ, ಅದರ ಮೈಕ್ ಮತ್ತು ಸ್ಪೀಕರ್ ಎರಡನ್ನೂ ಬಂದ್ ಮಾಡಿ, ಮಾತಿಗೆ ಮೊಬೈಲ್‌ನಿಂದ ಅದೇ ಲಿಂಕ್‌ಗೆ ಸೇರಿಕೊಳ್ಳಿ. ಮೊನ್ನೆ ಎದುರು ಮನೆಯ ಹುಡುಗಿ ಇಂಟರ್‌ವ್ಯೂ ಕೊಟ್ಟಿದ್ದು ಹೀಗೆಯೇ, ಮೊಬೈಲನ್ನು ಸ್ಟೀಲ್ ಲೋಟಕ್ಕೆ ಒರಗಿಸಿಟ್ಟುಕೊಂಡು. ಈ ಸೋಮವಾರದಿಂದ ಅವಳು ಕೆಲಸಕ್ಕೆ ಹೋಗುತ್ತಿದ್ದಾಳೆ.